8 ವಾರ, 68,000 ರೂಪಾಯಿ: ನೇಪಾಳದ ಶಾಲೆಗೆ ಸ್ವಯಂಸೇವಕರನ್ನು ಕಳುಹಿಸುವ ಸೇವೆಯೊಂದರ ವಿಮರ್ಶೆ

ಎಂ.ಎಸ್ಸಿ. ಗಣಿತ ಮುಗಿದು ಬಿ.ಎಡ್. ಪ್ರವೇಶಕ್ಕಾಗಿ ಕಾಯುತ್ತಿದ್ದ ತಿಂಗಳುಗಳಲ್ಲಿ, ಯುವಕ ಯುವತಿಯರನ್ನು ಹೊರದೇಶದ ಶಾಲೆಗಳಿಗೆ ಪಾಠ ಹೇಳಲು ಕಳುಹಿಸುವ ಸಂಸ್ಥೆಯೊಂದಕ್ಕೆ 68,000 ರೂಪಾಯಿ ಕಟ್ಟಿ ನಾನು ನೇಪಾಳಕ್ಕೆ ಹೋಗಿದ್ದೆ. ಪೋಖರಾದಿಂದ ಜೀಪಿನಲ್ಲಿ ಎರಡೂವರೆ ಗಂಟೆ ಏರಿದರೆ ಸಿಗುವ, ಕಾಸ್ಕಿ ಜಿಲ್ಲೆಯ ಬೆಟ್ಟದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ 8 ವಾರ ಗಣಿತ ಮತ್ತು ಇಂಗ್ಲಿಷ್ ಕಲಿಸುವುದು, ಸಂಜೆಯ ಹೊತ್ತು ಮಕ್ಕಳ ಓದಿಗೆ ಜೊತೆಯಾಗುವುದು ನನ್ನ ಕೆಲಸವೆಂದು ಒಪ್ಪಂದದಲ್ಲಿ ಬರೆದಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಾಠ್ಮಂಡುವಿನಲ್ಲಿ ಭೇಟಿಯಾದ, ಬೇರೆ ಬೇರೆ ಸಂಸ್ಥೆಗಳ ಮೂಲಕ ಬಂದಿದ್ದ ಇತರ ಸ್ವಯಂಸೇವಕರ ಅನುಭವವೂ ಹೆಚ್ಚುಕಡಿಮೆ ನನ್ನದರಂತೆಯೇ ಇದ್ದುದರಿಂದ, ಒಬ್ಬರ ಮೇಲೆ ದೂರು ಹೇಳುವುದಕ್ಕಿಂತ ಇಂಥ ಸೇವೆಯನ್ನು ಕೊಳ್ಳುವವರಿಗೆ ಏನು ಸಿಗುತ್ತದೆ, ಶಾಲೆಗೆ ಏನು ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಉಪಯುಕ್ತವೆಂದು ತೋರಿತು. ಹೋಗಿ ಬಂದವಳ ಮಟ್ಟಿಗೆ ಇದು ಒಳ್ಳೆಯ ಸೇವೆ. ಶಾಲೆಯ ಮಟ್ಟಿಗೆ ಅರೆಬರೆ.

ಅರ್ಜಿಯ ಹಂತದಿಂದಲೇ ಆರಂಭಿಸುತ್ತೇನೆ. ಅರ್ಜಿ ನಮೂನೆಯಲ್ಲಿ ನನ್ನ ಟೀ-ಶರ್ಟಿನ ಅಳತೆಯನ್ನು ಕೇಳಿದ್ದರು, ಊಟದಲ್ಲಿ ಮೊಟ್ಟೆ ನಡೆಯುತ್ತದೆಯೇ ಎಂದು ಕೇಳಿದ್ದರು, ನನ್ನ ಚಿತ್ರಗಳನ್ನು ಪ್ರಚಾರಕ್ಕೆ ಬಳಸಿಕೊಳ್ಳಲು ಒಪ್ಪಿಗೆ ಕೇಳಿದ್ದರು. ಆದರೆ ಎಂಟು ವಾರ ಚಿಕ್ಕ ಮಕ್ಕಳ ನಡುವೆ ಇರಬೇಕಾದವಳ ಬಗ್ಗೆ ಪೊಲೀಸ್ ದೃಢೀಕರಣ ಪತ್ರವನ್ನು ಮಾತ್ರ ಕೇಳಲಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅದನ್ನು ನಾನೇ ಪಡೆದು ಮುಖ್ಯ ಶಿಕ್ಷಕರ ಕೈಗೆ ಕೊಟ್ಟಾಗ, ಇಷ್ಟು ವರ್ಷಗಳಲ್ಲಿ ಇಂಥದ್ದನ್ನು ತಂದವರು ನೀವೇ ಮೊದಲು ಎಂದು ಅವರು ನಕ್ಕರು. ನಾನು ನಗಲಿಲ್ಲ. ಅರ್ಜಿಯಲ್ಲಿ ಶಾಲೆಯ ಬದಲು 'ಅನಾಥಾಶ್ರಮ'ವನ್ನು ಆಯ್ದುಕೊಳ್ಳುವ ಅವಕಾಶವೂ ಇತ್ತು. ನೇಪಾಳದ ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂದು ಯೂನಿಸೆಫ್ ಹಲವು ಬಾರಿ ಎಚ್ಚರಿಸಿದೆ. ನೋಡಲು ಬರುವ ವಿದೇಶಿಯರ ಹಣಕ್ಕಾಗಿಯೇ ಹಳ್ಳಿಗಳಿಂದ ಮಕ್ಕಳನ್ನು ತಂದು ಕೂಡಿಡುವ ದಂಧೆಯನ್ನು ಆಸ್ಟ್ರೇಲಿಯಾ 2018ರ ತನ್ನ ಆಧುನಿಕ ಗುಲಾಮಗಿರಿ ಕಾಯ್ದೆಯ ಸಂದರ್ಭದಲ್ಲಿ ಮಕ್ಕಳ ಸಾಗಣೆಯ ಒಂದು ರೂಪವೆಂದೇ ಗುರುತಿಸಿತು. ಆ ಆಯ್ಕೆಯನ್ನು ಅರ್ಜಿಯಲ್ಲಿ ಇಟ್ಟುಕೊಂಡ ಯಾವ ಸಂಸ್ಥೆಗೂ ಹಣ ಕಟ್ಟಬಾರದು ಎಂದು ಈಗ ಹೇಳುತ್ತೇನೆ. ಆಗ ನಾನು 'ಶಾಲೆ' ಎಂಬಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದೆ ಅಷ್ಟೆ.

ವೀಸಾದ ವಿಷಯ ನಮಗೆ ಸುಲಭ. ಎರಡೂ ದೇಶಗಳ ನಡುವಿನ 1950ರ ಒಪ್ಪಂದದ ಫಲವಾಗಿ ಭಾರತೀಯರು ನೇಪಾಳಕ್ಕೆ ವೀಸಾ ಇಲ್ಲದೆ ಹೋಗಿ ಬರಬಹುದು. ನನ್ನ ಜೊತೆಗಿದ್ದ ಯುರೋಪಿನ ಇಬ್ಬರು ಯುವತಿಯರು ಮಾತ್ರ 90 ದಿನಗಳ ಪ್ರವಾಸಿ ವೀಸಾಕ್ಕೆ 125 ಡಾಲರ್ ತೆತ್ತು ಬಂದಿದ್ದರು. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ ಎಂಬುದು ಅಲ್ಲಿಯ ನಿಯಮ; ಯಾರಾದರೂ ಕೇಳಿದರೆ ಚಾರಣಕ್ಕೆ ಬಂದಿದ್ದೇವೆ ಎನ್ನಿ ಎಂದು ಸಂಸ್ಥೆಯವರು ಅವರಿಗೆ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಪಾಠ ಹೇಳಲು ಹೊರಟವರಿಗೆ ಮೊದಲು ಕಲಿಸಿದ ಪಾಠ ಸುಳ್ಳು ಹೇಳುವುದು.

ಇನ್ನು ಹಣದ ಲೆಕ್ಕ. 68,000 ರೂಪಾಯಿಯಲ್ಲಿ ವಿಮಾನದ ಟಿಕೆಟ್ ಸೇರಿರಲಿಲ್ಲ. ಸೇರಿದ್ದು ಕಾಠ್ಮಂಡುವಿನಲ್ಲಿ ಮೂರು ದಿನಗಳ ತರಬೇತಿ ಮತ್ತು ವಸತಿ, ಪೋಖರಾವರೆಗಿನ ಬಸ್ಸು, ಹಳ್ಳಿಯ ಮನೆಯೊಂದರಲ್ಲಿ ಊಟ ಹಾಗೂ ವಾಸ, ಒಂದು ಟೀ-ಶರ್ಟು, ಕೊನೆಯಲ್ಲಿ ಒಂದು ಪ್ರಮಾಣಪತ್ರ. ನಾನು ಉಳಿದುಕೊಂಡ ಮನೆಯವರಿಗೆ ದಿನಕ್ಕೆ 700 ನೇಪಾಳಿ ರೂಪಾಯಿ ಸಂದಾಯವಾಗುತ್ತಿತ್ತು ಎಂದು ಅವರೇ ಹೇಳಿದರು. ಪ್ರಯಾಣದ ದಿನಗಳನ್ನು ಕಳೆದು 51 ದಿನಕ್ಕೆ ಅದು 35,700 ನೇಪಾಳಿ ರೂಪಾಯಿ. ಭಾರತದ ಒಂದು ರೂಪಾಯಿಗೆ ಅಲ್ಲಿಯ 1.60 ರೂಪಾಯಿ ಎಂಬ ನಿಗದಿತ ದರದಲ್ಲಿ ಸುಮಾರು 22,300 ರೂಪಾಯಿ. ಶಾಲೆಗೆ ಸಂಸ್ಥೆಯಿಂದ ಬಂದದ್ದು ಒಬ್ಬ ಸ್ವಯಂಸೇವಕರಿಗೆ 5,000 ನೇಪಾಳಿ ರೂಪಾಯಿ, ಅಂದರೆ ನಮ್ಮ 3,125. ಎರಡನ್ನೂ ಕೂಡಿಸಿದರೂ 25,500 ದಾಟುವುದಿಲ್ಲ. ಉಳಿದ 42,500 ರೂಪಾಯಿ ಕಚೇರಿ, ಪ್ರಚಾರ, ಮೂರು ದಿನಗಳ ಹೋಟೆಲ್ ಮತ್ತು ಲಾಭದಲ್ಲಿ ಹಂಚಿಹೋಗಿರಬೇಕು. ಲಾಭ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ 'ನಿಮ್ಮ ಶುಲ್ಕದಿಂದ ಒಂದು ಶಾಲೆ ಬೆಳಗುತ್ತದೆ' ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರು ಈ ಲೆಕ್ಕವನ್ನು ಕೇಳಿದಾಗಲಾದರೂ ಕೊಡಬೇಕಿತ್ತು. ನಾನು ಎರಡು ಬಾರಿ ಕೇಳಿದೆ, ಉತ್ತರ ಬರಲಿಲ್ಲ.

ಕಾಠ್ಮಂಡುವಿನ ತರಬೇತಿಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಒಂದು ದಿನ ನೇಪಾಳಿ ಮಾತು, ಒಂದು ದಿನ ಸ್ವಯಂಭೂನಾಥ ಹಾಗೂ ಪಾಟನ್ ದರ್ಶನ, ಒಂದು ದಿನ ಮೋಮೋ ಮಾಡುವುದು. ತರಗತಿಯನ್ನು ನಡೆಸುವುದು ಹೇಗೆ ಎಂಬುದಕ್ಕೆ ಮೀಸಲಿಟ್ಟದ್ದು ಒಂದೂವರೆ ಗಂಟೆ. ಆರನೇ ತರಗತಿಯಿಂದ ಓದಿದ ಹಿಂದಿಯಿಂದಾಗಿ ದೇವನಾಗರಿ ಲಿಪಿ ನನಗೆ ತೊಡಕಾಗಲಿಲ್ಲ, ಮಕ್ಕಳಿಗೂ ಟಿ.ವಿ. ಧಾರಾವಾಹಿಗಳ ದಯೆಯಿಂದ ಹಿಂದಿ ತಕ್ಕಮಟ್ಟಿಗೆ ಅರ್ಥವಾಗುತ್ತಿತ್ತು. ಜೊತೆಗಿದ್ದ ಯುರೋಪಿನವರ ಪಾಡು ಹಾಗಿರಲಿಲ್ಲ.

ಶಾಲೆ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ನಾನಿದ್ದಾಗ ಅಲ್ಲಿ ಭಾನುವಾರ ಶಾಲೆ ಇರುತ್ತಿತ್ತು, ರಜೆ ಶನಿವಾರ, ಶುಕ್ರವಾರ ಅರ್ಧ ದಿನ. ಮಕ್ಕಳು ಬೆಳಿಗ್ಗೆಯೇ ಅನ್ನ, ಬೇಳೆ, ಪಲ್ಯ ಉಂಡು ಬೆಟ್ಟದ ಮೆಟ್ಟಿಲು ಹತ್ತಿ ಬರುತ್ತಾರೆ. ಮಧ್ಯಾಹ್ನ 'ಖಾಜಾ' ಎಂಬ ಉಪಾಹಾರ, ಬಹುತೇಕ ದಿನ ಚಿಯುರಾ, ಅಂದರೆ ನಮ್ಮ ಅವಲಕ್ಕಿಯೇ, ಜೊತೆಗೆ ಬೇಯಿಸಿದ ಕಡಲೆ. ಐದನೇ ತರಗತಿಯವರೆಗಿನ ಮಕ್ಕಳ ಖಾಜಾಕ್ಕೆ ಸರ್ಕಾರ ಆಗ ತಲೆಗೆ 15 ನೇಪಾಳಿ ರೂಪಾಯಿ ಕೊಡುತ್ತಿತ್ತು, ಅದರಲ್ಲಿ ಅಡುಗೆಯ ದಿದಿ ಹೇಗೋ ಸರಿದೂಗಿಸುತ್ತಿದ್ದರು. ಸರ್ಕಾರಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಸಾನೋಠಿಮಿಯ ಜನಕ ಶಿಕ್ಷಾ ಸಾಮಗ್ರಿ ಕೇಂದ್ರದ ಪುಸ್ತಕಗಳು ಬಹಳಷ್ಟು ಮಕ್ಕಳ ಬಳಿ ಅಣ್ಣ ಅಕ್ಕಂದಿರಿಂದ ಬಂದವು, ಹೊದಿಕೆ ಹರಿದವು. ಶಿಕ್ಷಕರು ಇದ್ದರು, ಪಾಠಗಳು ನಡೆಯುತ್ತಿದ್ದವು. ಸಂಸ್ಥೆಯ ಕರಪತ್ರ ಓದಿದವರಿಗೆ ಅಲ್ಲಿ ಶಿಕ್ಷಕರೇ ಇಲ್ಲವೆಂಬ ಭಾವನೆ ಬರುತ್ತದೆ; ನಿಜವಾಗಿ ನನ್ನನ್ನು ನಿಲ್ಲಿಸಿದ್ದು ಹತ್ತೊಂಬತ್ತು ವರ್ಷಗಳಿಂದ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಸರ್ ಒಬ್ಬರ ಜಾಗದಲ್ಲಿ. ಅತಿಥಿ ಬಂದಾಗ ಮಣೆ ಬಿಟ್ಟುಕೊಡುವಂತೆ ಅವರು ತಮ್ಮ ತರಗತಿಯನ್ನು ನನಗೆ ಬಿಟ್ಟುಕೊಟ್ಟು ಕೊಠಡಿಯ ಹಿಂದಿನ ಬೆಂಚಿನಲ್ಲಿ ಕೂತರು.

ಐದನೇ ತರಗತಿಯಲ್ಲಿ ಭಿನ್ನರಾಶಿ ನಡೆಯುತ್ತಿತ್ತು. ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು 1/4ಕ್ಕಿಂತ 1/8 ದೊಡ್ಡದೆಂದು ಬರೆದಳು. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎಂಬುದು ಅವಳ ವಾದ, ತರಗತಿಯ ಅರ್ಧದಷ್ಟು ಮಕ್ಕಳು ಅವಳ ಕಡೆ. ನಾನು ಮೂರು ದಿನ ಬಣ್ಣದ ಕಾಗದವನ್ನು ವೃತ್ತಾಕಾರವಾಗಿ ಕತ್ತರಿಸಿ, ಮಡಿಸಿ, ಅಂಟಿಸಿ ತೋರಿಸಿದೆ. ಕಾಗದ ಇರುವಷ್ಟು ಹೊತ್ತು ಸರಿಯುತ್ತರ ಬರುತ್ತಿತ್ತು, ತೆಗೆದ ಕೂಡಲೇ ಮತ್ತೆ ಎಂಟೇ ದೊಡ್ಡದಾಗುತ್ತಿತ್ತು. ನಾಲ್ಕನೆಯ ದಿನ ಸರ್ ಮನೆಯಿಂದ ಎರಡು ಹಿತ್ತಾಳೆ ಪಾತ್ರೆಗಳನ್ನು ತಂದರು: ಒಂದು ಮಾನಾ, ಒಂದು ಪಾಥಿ. ನಮ್ಮ ಪಾವು, ಸೇರುಗಳಂತೆ ಇವು ಧಾನ್ಯ ಅಳೆಯುವ ಅಳತೆಗಳು, ಎಂಟು ಮಾನಾ ಸೇರಿದರೆ ಒಂದು ಪಾಥಿ. ಮೆಕ್ಕೆಜೋಳವನ್ನು ಅಳೆದು ಸುರಿಯುತ್ತಾ ಅವರು ಕೇಳಿದ್ದು ಇಷ್ಟೇ: ಅಂಗಡಿಯವನು ನಿನಗೆ ಪಾಥಿಯ ಎಂಟನೆಯ ಒಂದು ಭಾಗ ಕೊಡುತ್ತೇನೆ ಎಂದರೆ ಎಷ್ಟು ಮಾನಾ ಬಂತು, ನಾಲ್ಕನೆಯ ಒಂದು ಭಾಗ ಎಂದರೆ ಎಷ್ಟು ಬಂತು? ಒಂದು, ಎರಡು ಎಂದು ಹುಡುಗಿ ಬೆರಳು ಮಡಿಸಿದಳು, ಆಮೇಲೆ ತನ್ನ ಪುಸ್ತಕ ನೋಡಿಕೊಂಡಳು, ರಬ್ಬರು ಹುಡುಕಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಮಕ್ಕಳ ಮನೆಯ ಕಣಜದಲ್ಲಿ ಏನಿದೆ ಎಂದು ಬಲ್ಲವರು ಅವರು; ನನಗೆ ಗೊತ್ತಿದ್ದದ್ದು ಛೇದ ಹೆಚ್ಚಿದಷ್ಟೂ ಬೆಲೆ ಕುಗ್ಗುತ್ತದೆ ಎಂಬ ಸೂತ್ರ.

ಆ ದಿನದಿಂದ ನಾವಿಬ್ಬರೂ ಒಪ್ಪಂದವನ್ನು ಪಕ್ಕಕ್ಕಿಟ್ಟೆವು. ಪಾಠ ಅವರದು, ಹಿಂದುಳಿದ ಏಳೆಂಟು ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕೂಡುವ, ಕಳೆಯುವ ಲೆಕ್ಕದಿಂದ ಹಿಡಿದು ಮತ್ತೆ ಕಟ್ಟುವುದು ನನ್ನದು. ಸೇವೆಯಲ್ಲಿ ಇದು ಮೊದಲ ದಿನವೇ ಇರಬೇಕಾದ ಏರ್ಪಾಡು ಎಂದು ನನ್ನ ಅಭಿಪ್ರಾಯ. ಸ್ವಯಂಸೇವಕರನ್ನು ಶಿಕ್ಷಕರ ಬದಲಿಗೆ ನಿಲ್ಲಿಸಿದರೆ ತಿಂಗಳೆರಡು ತಿಂಗಳಿಗೊಮ್ಮೆ ಮಕ್ಕಳ ಕಲಿಕೆಯ ಎಳೆ ಕಡಿಯುತ್ತದೆ, ಶಿಕ್ಷಕರ ಬಳಿ ನಿಲ್ಲಿಸಿದರೆ ಒಬ್ಬರಿಗೆ ಇನ್ನೊಂದು ಕೈ ಸಿಗುತ್ತದೆ. ಆದರೆ ಹಿಂದಿನ ಬೆಂಚಿನ ಎಂಟು ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುವ ಚಿತ್ರ ಕರಪತ್ರಕ್ಕೆ ಒದಗುವುದಿಲ್ಲ. ಕರಿಹಲಗೆಯ ಮುಂದೆ ಒಬ್ಬಳೇ ನಿಂತು ಕೈ ಚಾಚಿದ ಚಿತ್ರ ಒದಗುತ್ತದೆ.

ಎಳೆ ಕಡಿಯುವುದಕ್ಕೆ ನಾನು ಕಂಡ ಸಾಕ್ಷಿ ನಾಲ್ಕನೇ ತರಗತಿಯ ಹುಡುಗನೊಬ್ಬನ ಇಂಗ್ಲಿಷ್ ನೋಟುಪುಸ್ತಕ. ಅದರಲ್ಲಿ ಒಂದೇ ಮನುಷ್ಯನ ಚಿತ್ರ ನಾಲ್ಕು ಕಡೆ ಇತ್ತು: ತಲೆ, ಭುಜ, ಮೊಣಕಾಲು, ಪಾದ ಎಂದು ಬಾಣದ ಗುರುತು ಹಾಕಿ ಇಂಗ್ಲಿಷಿನಲ್ಲಿ ಹೆಸರು ಬರೆದದ್ದು. ನಾಲ್ವರು ಸ್ವಯಂಸೇವಕರು ಒಬ್ಬರಾದ ಮೇಲೊಬ್ಬರು ಬಂದು, ಸುಲಭವೆಂದು ತೋರಿದ ದೇಹದ ಭಾಗಗಳಿಂದಲೇ ಪಾಠ ಆರಂಭಿಸಿದ್ದರು. ನಾಲ್ಕನೆಯ ಚಿತ್ರದಲ್ಲಿ ಹುಡುಗ ಬೇಸರಕ್ಕೋ ತುಂಟತನಕ್ಕೋ ಮನುಷ್ಯನಿಗೆ ಮೀಸೆ, ಕನ್ನಡಕ, ಬಾಲ ಬರೆದಿದ್ದ. ನಾನೂ ಮೊದಲ ದಿನ ಸೀಮೆಸುಣ್ಣ ಹಿಡಿದು ಬರೆಯಹೊರಟಿದ್ದು ಅದನ್ನೇ, 'ಮಿಸ್, ಇದು ಮುಗಿದಿದೆ' ಎಂದು ಅವನೇ ತಡೆದ. ನಮ್ಮವ್ವ ಧಾರವಾಡ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಪದ್ಧತಿಯ ಬಗ್ಗೆ ಶಿಕ್ಷಕರಲ್ಲಿ ನೂರು ದೂರುಗಳಿರಬಹುದು, ಆದರೂ ಅದರಲ್ಲಿ ಪ್ರತಿ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲೆ ಕಾಣುತ್ತದೆ. ಅವ್ವ ರಜೆ ಹಾಕಿದ ದಿನ ಪಕ್ಕದ ಶಾಲೆಯಿಂದ ಬಂದವರು ಅಲ್ಲಿಂದಲೇ ಮುಂದುವರಿಸಬಹುದು. ಸಾವಿರಾರು ರೂಪಾಯಿ ಪಡೆಯುವ ಸಂಸ್ಥೆ, ಹೋದವರು ಬರುವವರಿಗೆ ಬಿಟ್ಟುಹೋಗಬೇಕಾದ ಒಂದು ನೂರು ಹಾಳೆಯ ಪುಸ್ತಕವನ್ನೂ ಇಟ್ಟಿರಲಿಲ್ಲ.

ಈ ಸೇವೆಯಲ್ಲಿ ನನಗೆ ನಿಜಕ್ಕೂ ಬೆಲೆಯುಳ್ಳದ್ದೆನಿಸಿದ್ದು ಸಂಜೆಯ ಹೊತ್ತು. ನಾನಿದ್ದ ಮನೆಯ ಯಜಮಾನರು ಭಾರತೀಯ ಸೇನೆಯ ಗೂರ್ಖಾ ರೆಜಿಮೆಂಟಿನಿಂದ ನಿವೃತ್ತರಾದವರು. ಇಂಥವರನ್ನು ಅಲ್ಲಿ 'ಲಾಹುರೆ' ಎನ್ನುತ್ತಾರೆ. ಕಮಾಂಡೊ ತರಬೇತಿಗೆಂದು ಬೆಳಗಾವಿಯಲ್ಲಿ ಕೆಲವು ವಾರ ಇದ್ದ ಅವರು, ನಾನು ಧಾರವಾಡದವಳೆಂದು ತಿಳಿದ ದಿನ 'ನೀರು', 'ಊಟ', 'ಬರ್ರಿ' ಎಂಬ ಮೂರು ಮಾತುಗಳನ್ನು ನೆನಪಿನಿಂದ ಹೆಕ್ಕಿ ತೆಗೆದು, ಆಮೇಲೆ ಪ್ರತಿ ರಾತ್ರಿ ತಟ್ಟೆಯ ಮುಂದೆ 'ನಾನಿ, ಊಟ' ಎಂದು ಕರೆಯುತ್ತಿದ್ದರು; ನಾನಿ ಎಂದರೆ ಅಲ್ಲಿ ಮಗು. ಅವರ ಅಂಗಳದಲ್ಲಿ ಸಂಜೆ ಐದರಿಂದ ಏಳರವರೆಗೆ ಅದೇ ಆರು ಮಕ್ಕಳು ದಿನವೂ ಬರುತ್ತಿದ್ದರು. ಅವರಲ್ಲಿ ಒಬ್ಬಳು ಹತ್ತನೇ ತರಗತಿಯವಳು. ಅಲ್ಲಿಯ ಎಸ್.ಇ.ಇ. ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ, ಎಸ್.ಎಲ್.ಸಿ. ಎಂದು ಕರೆಯುತ್ತಿದ್ದ ಕಾಲದಲ್ಲಿ ಅದಕ್ಕೆ 'ಕಬ್ಬಿಣದ ಬಾಗಿಲು' ಎಂಬ ಹೆಸರಿತ್ತು, ಈಗ ಅಂಕಗಳ ಬದಲು ಶ್ರೇಣಿ ಬಂದಿದ್ದರೂ ಮನೆಗಳಲ್ಲಿ ಭಯ ಹಾಗೆಯೇ ಇದೆ.

ಆ ಹುಡುಗಿಯ ತಂದೆ ಕತಾರಿನಲ್ಲಿದ್ದರು, ಅಣ್ಣ ಕೊರಿಯಾದ ಕೆಲಸಕ್ಕಾಗಿ ಭಾಷಾ ಪರೀಕ್ಷೆಗೆ ಓದುತ್ತಿದ್ದ. ಅವಳಿಗೆ ಬೀಜಗಣಿತ ಬರುತ್ತಿತ್ತು. ಬಾರದೇ ಇದ್ದದ್ದು, ಪರೀಕ್ಷೆ ಮುಗಿದ ಮೇಲೆ ಪೋಖರಾದಲ್ಲಿ ಹನ್ನೊಂದನೇ ತರಗತಿಗೆ ಯಾವ ವಿಷಯ ತೆಗೆದುಕೊಳ್ಳಬೇಕು, ಅದಕ್ಕೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಮನೆಯಲ್ಲಿ ಅದನ್ನು ಯಾರ ಮುಂದೆ ಹೇಗೆ ಕೇಳಬೇಕು ಎಂಬುದು. ಒಂದು ಸಂಜೆ ನಾವಿಬ್ಬರೂ ಕೋಣೆ ಬಾಡಿಗೆ, ಬಸ್ಸು, ಶುಲ್ಕ, ಅಕ್ಕಿ ಎಂದು ಒಂದೊಂದನ್ನೂ ಬರೆದು ಲೆಕ್ಕ ಹಾಕಿದೆವು. ಮೂರನೆಯ ದಿನ ಅವಳು ಆ ಹಾಳೆಯ ಚಿತ್ರವನ್ನು ದೋಹಾಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಳು, ರಾತ್ರಿ ತಂದೆ ಕರೆ ಮಾಡಿ ಅಕ್ಕಿಯ ಲೆಕ್ಕ ತಪ್ಪಾಗಿದೆ, ಅಕ್ಕಿ ಮನೆಯಿಂದಲೇ ಒಯ್ಯಬಹುದು ಎಂದರು. ಮಾರ್ಗದರ್ಶನ ಎಂದು ಸಂಸ್ಥೆಯವರು ದೊಡ್ಡ ಅಕ್ಷರದಲ್ಲಿ ಬರೆಯುವ ಮಾತಿಗೆ ನನಗೆ ಸಿಕ್ಕ ಅರ್ಥ ಇದು. ಇದಕ್ಕೆ ತರಬೇತಿಯಲ್ಲಿ ಒಂದು ನಿಮಿಷವೂ ಮೀಸಲಿರಲಿಲ್ಲ.

ಸೇವೆಯ ಅತಿ ದೊಡ್ಡ ಲೋಪಕ್ಕೆ ಪಂಚಾಂಗವೇ ಸಾಕ್ಷಿ. ನಾನು ಹೋದದ್ದು ಆಗಸ್ಟ್ ಕೊನೆಯ ಭಾಗದಲ್ಲಿ. ಎಂಟು ವಾರಗಳ ಕೊನೆಯ ಎರಡು ವಾರ ದಶೈಂ ಹಬ್ಬದ ರಜೆಯಲ್ಲಿ ಕಳೆದವು. ದಶೈಂ ಎಂದರೆ ನಮ್ಮ ನವರಾತ್ರಿಯೇ, ನೇಪಾಳದ ಅತಿ ದೊಡ್ಡ ಹಬ್ಬ, ಘಟಸ್ಥಾಪನೆಯ ಆಸುಪಾಸಿನಲ್ಲಿ ಮುಚ್ಚಿದ ಶಾಲೆ ಹುಣ್ಣಿಮೆಯವರೆಗೂ ತೆರೆಯಲಿಲ್ಲ. ವರ್ಷವರ್ಷವೂ ಬರುವ ಹಬ್ಬವನ್ನು ಸಂಸ್ಥೆಯವರು ಮರೆತಿರಲಾರರು. ದಸರಾ ಯಾವಾಗ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡದೆ ಹಣ ಕಟ್ಟಿದ ಧಾರವಾಡದವಳ ಬುದ್ಧಿಯೂ ಅಷ್ಟೇ ಎನ್ನಿ. ಕಾಠ್ಮಂಡು ಮತ್ತು ಪ್ರಯಾಣದ ಐದು ದಿನ, ಶನಿವಾರಗಳು, ತೀಜ್ ಹಬ್ಬ, ಸಂವಿಧಾನ ದಿನ, ಮಳೆಗೆ ದಾರಿ ಕುಸಿದ ಒಂದು ದಿನ ಎಲ್ಲವನ್ನೂ ಕಳೆದರೆ ನಾನು ಶಾಲೆಯಲ್ಲಿದ್ದದ್ದು 27 ದಿನ. ವಿಜಯದಶಮಿಯಂದು ಮನೆಯ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಹಚ್ಚಿ, ಕಿವಿಯ ಹಿಂದೆ ಜಮರಾ ಎಂಬ ಹಳದಿ ಧಾನ್ಯದ ಮೊಳಕೆ ಸಿಕ್ಕಿಸಿ ಆಶೀರ್ವಾದ ಮಾಡಿದ್ದು ಮರೆಯಲಾಗದ ಸಂತೋಷ. ಆದರೆ ಅದು ಆ ಮನೆಯವರು ಕೊಟ್ಟದ್ದು, ಅದಕ್ಕೂ ನಾನು ಕಟ್ಟಿದ ಶುಲ್ಕಕ್ಕೂ ಸಂಬಂಧವಿಲ್ಲ.

ಇದೇ ಕೆಲಸ ಬೇರೆ ರೀತಿಯಲ್ಲಿ ನಡೆದ ಉದಾಹರಣೆ ಆ ದೇಶದಲ್ಲಿಯೇ ಇದೆ. ಅಮೆರಿಕ ಸರ್ಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ 1962ರಲ್ಲಿ ನೇಪಾಳಕ್ಕೆ ಬಂದಿತು. ಮಾವೋವಾದಿ ಸಂಘರ್ಷದ ಕಾರಣ 2004ರಲ್ಲಿ ನಿಂತು 2012ರಲ್ಲಿ ಮತ್ತೆ ಆರಂಭವಾಯಿತು. ಅದರ ಸ್ವಯಂಸೇವಕರು ಶುಲ್ಕ ಕಟ್ಟುವುದಿಲ್ಲ, ಬದಲಿಗೆ ಜೀವನಕ್ಕೆ ಬೇಕಾದಷ್ಟು ಭತ್ಯೆ ಪಡೆಯುತ್ತಾರೆ. ಸುಮಾರು ಮೂರು ತಿಂಗಳು ಭಾಷೆ ಮತ್ತು ಕೆಲಸ ಕಲಿತು ಎರಡು ವರ್ಷ ಒಂದೇ ಊರಿನಲ್ಲಿರುತ್ತಾರೆ. ಜಪಾನ್ ಸರ್ಕಾರ 1965ರಲ್ಲಿ ಆರಂಭಿಸಿದ ಯುವ ಸ್ವಯಂಸೇವಕರ ಯೋಜನೆಯದೂ ಎರಡು ವರ್ಷದ ಲೆಕ್ಕವೇ. ಮುಖ್ಯ ಶಿಕ್ಷಕರು ತಾವು ಬಾಲ್ಯದಲ್ಲಿ ಇಂಗ್ಲಿಷ್ ಕಲಿತದ್ದು ಪೀಸ್ ಕೋರಿನ ಸರ್ ಒಬ್ಬರಿಂದ ಎಂದು ಹೇಳಿ, ಅವರು ನೇಪಾಳಿಯಲ್ಲಿ ಬೈಯುತ್ತಿದ್ದ ಬೈಗುಳವನ್ನೂ ನೆನಪಿಸಿಕೊಂಡರು. ಎಂಟು ವಾರದಲ್ಲಿ ಯಾರಿಗೂ ಬೈಯುವಷ್ಟು ಭಾಷೆ ಬರುವುದಿಲ್ಲ. ನೇಪಾಳದ ಪದವೀಧರರನ್ನೇ ಎರಡು ವರ್ಷ ಸರ್ಕಾರಿ ಶಾಲೆಗಳಿಗೆ ಕಳುಹಿಸುವ ಟೀಚ್ ಫಾರ್ ನೇಪಾಳ್ 2012ರಿಂದ ಇದೆ. ಆದರೆ ಪೀಸ್ ಕೋರ್ ಅಮೆರಿಕನ್ನರಿಗೆ, ಜಪಾನಿನದು ಜಪಾನೀಯರಿಗೆ. ನಮ್ಮಂಥವರಿಗೆ ಹಣ ಕಟ್ಟಿ ಹೋಗುವ ಈ ಬಾಗಿಲೇ ಸುಲಭವಾಗಿ ತೆರೆದಿರುವುದು, ಸಂಸ್ಥೆಗಳಿಗೂ ಅದು ಗೊತ್ತು.

ಹಾಗಾಗಿ ಹೋಗಲೇಬೇಕೆನ್ನುವವರು ಹಣ ಕಟ್ಟುವ ಮೊದಲು ಆ ಶಾಲೆಯ ಮುಖ್ಯ ಶಿಕ್ಷಕರೊಡನೆ ಒಮ್ಮೆ ನೇರವಾಗಿ ಫೋನಿನಲ್ಲಿ ಮಾತನಾಡಿಸಿ ಎಂದು ಸಂಸ್ಥೆಯನ್ನು ಕೇಳಬೇಕು. ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಡಬಹುದು. ಶಾಲೆಯ ರಜೆಪಟ್ಟಿ, ಶಿಕ್ಷಕರ ಹೆಸರು, ಹಿಂದಿನವರು ಕಲಿಸಿದ ಪಾಠದ ವಿವರ ಇವು ಮೂರೂ ಕೈಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡಬೇಕು. ಏಪ್ರಿಲ್ ಮಧ್ಯದಲ್ಲಿ, ಅವರ ವೈಶಾಖದಲ್ಲಿ, ಶಾಲೆಯ ವರ್ಷ ಆರಂಭವಾಗುವುದರಿಂದ ಮೇ ತಿಂಗಳು ಒಳ್ಳೆಯ ಕಾಲವೆಂದು ಸರ್ ಹೇಳಿದರು. ಪಾಠ ಹೇಳಿದ ಅನುಭವವೇ ಇಲ್ಲದವರು ಒಂದು ವರ್ಷ ತಮ್ಮ ಊರಿನ ಶಾಲೆಯಲ್ಲಿ ಸಂಜೆಯ ಹೊತ್ತು ಕೂತು ನೋಡಿ ಆಮೇಲೆ ಹೊರಡುವುದು ಮೇಲು. ಐದರಲ್ಲಿ ಅಂಕ ಕೊಡಬೇಕೆಂದರೆ ಊಟ ವಸತಿಗೆ ಐದು, ಸುರಕ್ಷತೆಗೆ ಮೂರು, ತರಬೇತಿಗೆ ಒಂದು, ಶಾಲೆಗಾದ ಪ್ರಯೋಜನಕ್ಕೆ ಎರಡು ಕೊಡುತ್ತೇನೆ. ಆ ಎರಡರಲ್ಲಿ ಒಂದು ಅಂಕ, ಮಾನಾ ಪಾಥಿ ತಂದ ಸರ್ ಅವರದು.

ರಜೆಯಲ್ಲಿ ಹೋದ ಎರಡು ವಾರಗಳ ಶುಲ್ಕವನ್ನು ಹಿಂದಿರುಗಿಸುವಂತೆ ಸಂಸ್ಥೆಗೆ ಬರೆದಿದ್ದೆ. ಹಬ್ಬವೂ ಕಾರ್ಯಕ್ರಮದ ಭಾಗ ಎಂಬ ಉತ್ತರ ಬಂದಿತು, ಅದರ ಹಿಂದೆಯೇ ಎಂಟು ವಾರ ಬೋಧನೆ ಮಾಡಿದ್ದಾರೆಂಬ ಪ್ರಮಾಣಪತ್ರವೂ ಬಂದಿತು. ಹೊರಡುವ ಮುನ್ನ ಪೋಖರಾದ ಅಂಗಡಿಯಲ್ಲಿ 120 ನೇಪಾಳಿ ರೂಪಾಯಿಗೆ ಗಟ್ಟಿ ರಟ್ಟಿನ ನೋಟುಪುಸ್ತಕವೊಂದನ್ನು ಕೊಂಡು, ಪಡಸಾಲೆಯ ಎಂಟು ಮಕ್ಕಳು ಯಾವ ಲೆಕ್ಕದವರೆಗೆ ಬಂದಿದ್ದಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಹಾಳೆಯಲ್ಲಿ ಬರೆದು, ದೇಹದ ಭಾಗಗಳು ಮುಗಿದಿವೆ ಎಂದು ಮೊದಲ ಪುಟದಲ್ಲಿಯೇ ದೊಡ್ಡದಾಗಿ ಬರೆದು ಸರ್ ಅವರಿಗೆ ಕೊಟ್ಟು ಬಂದಿದ್ದೇನೆ. ಮುಂದಿನ ಸ್ವಯಂಸೇವಕಿ ಜನವರಿಯಲ್ಲಿ ಬಂದಾಗ ಅದನ್ನು ಆಕೆಗೆ ತೋರಿಸಿದರಂತೆ. ಎಂಟರಲ್ಲಿ ಮೂವರ ಹಾಳೆಗಳಲ್ಲಿ ಆಕೆಯ ಕೈಬರಹವಿರುವ ಚಿತ್ರವನ್ನು ಕಳೆದ ವಾರ ಕಳುಹಿಸಿದ್ದಾರೆ.